ಎರಡು ಗಂಟೆಯ ಸೈರನ್

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ಫೈರ್ ಡ್ರಿಲ್ ಇತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಸೈರನ್ ಕೂಗಿತು. ಅಕ್ಕಪಕ್ಕದವರೆಲ್ಲ ಲ್ಯಾಪ್‌ಟಾಪ್ ಮುಚ್ಚಿ, ಮೊಬೈಲ್ ನೋಡ್ತಾ ನೋಡ್ತಾ ಮೆಟ್ಟಿಲು ಇಳಿದರು. ನನಗೆ ಮಾತ್ರ ಹಸಿವಾಯಿತು.

ತಮಾಷೆ ಅಲ್ಲ. ಸೈರನ್ ಕೇಳಿದರೆ ನನಗೆ ಇವತ್ತಿಗೂ ಬಿಸಿ ಅನ್ನ, ತಿಳಿಸಾರು, ಹಪ್ಪಳ ನೆನಪಾಗುತ್ತೆ. ನಾನು ಬೆಳೆದದ್ದು ಭದ್ರಾವತಿಯಲ್ಲಿ. ಅಲ್ಲಿ ನಮಗೆ ಗಡಿಯಾರ ಬೇಕಿರಲಿಲ್ಲ. ಬೆಳಗ್ಗೆ ಆರರ ಸೈರನ್ ಆದರೆ ಏಳಬೇಕು. ಮಧ್ಯಾಹ್ನ ಎರಡರ ಸೈರನ್ ಆಗೋಷ್ಟರಲ್ಲಿ ಎಲ್ಲೇ ಆಡ್ತಿದ್ರೂ ಊಟಕ್ಕೆ ಮನೆ ಸೇರಬೇಕು. ರಾತ್ರಿ ಹತ್ತರದ್ದು ಕೇಳಿಸಿತು ಅಂದರೆ ಇಷ್ಟೊತ್ತಿಗೆ ಮಲಗಿರಬೇಕಿತ್ತು ಅಂತ ಅರ್ಥ. ಶಿಫ್ಟ್ ಬದಲಾಗುತ್ತಿದ್ದುದು ಅಪ್ಪಂದಿರಿಗೆ, ಆದರೆ ಮಗ್ಗಲು ಬದಲಿಸುತ್ತಿದ್ದುದು ಇಡೀ ಊರು. ಎರಡರ ಸೈರನ್ ಆಗಿ ಹತ್ತು ನಿಮಿಷಕ್ಕೆ ರಸ್ತೆ ತುಂಬಾ ಸೈಕಲ್, ಪ್ರತಿ ಹ್ಯಾಂಡಲ್ಲಿಗೂ ಒಂದು ಖಾಲಿ ಊಟದ ಡಬ್ಬಿ.

ಫೈರ್ ಡ್ರಿಲ್ ಮುಗಿಸಿ ಪಾರ್ಕಿಂಗಲ್ಲಿ ನಿಂತಿದ್ದಾಗ ಗಿಲ್ಲಿ ನೆನಪಾದ. ಅವನ ಕಥೆಯನ್ನು ಈ ಅಂಕಣದಲ್ಲಿ ಬರೀಬೇಕು ಅಂತ ಎಷ್ಟೋ ಸಲ ಕೂತು, ಬರೆಯದೆ ಎದ್ದಿದ್ದೇನೆ. ಈ ಸಲ ಬರೆದುಬಿಡ್ತೀನಿ.

ಮೊದಲು ಊರಿನ ಬಗ್ಗೆ ಸ್ವಲ್ಪ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆ ಬರುವುದಕ್ಕೂ ಮೊದಲಿನ ಹೆಸರು ಅದು, ಆದರೆ ಕಾರ್ಖಾನೆಗೆ ಅಂತಲೇ ಇಟ್ಟ ಹಾಗಿದೆ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇಲ್ಲಿ ಶುರುವಾಯಿತು. ಕೆಮ್ಮಣ್ಣುಗುಂಡಿ ಬೆಟ್ಟದ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ಹೊಳೆಯ ನೀರು, ಮೂರೂ ಸೇರಿ ಕಬ್ಬಿಣ ಆಗುತ್ತಿತ್ತು. ಮುಂದೆ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರೇ ಬಂತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಬಂತು. ಹಾಗಾಗಿ ಒಂದೇ ಊರಲ್ಲಿ ಹಳೇನಗರ, ನ್ಯೂಟೌನ್, ಪೇಪರ್ ಟೌನ್ ಅಂತ ಮೂರು ಊರು. ಕ್ವಾರ್ಟರ್ಸ್ ಸಾಲುಗಳಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತಮಿಳು, ಅದರಾಚೆ ತೆಲುಗು, ಎದುರಿಗೆ ಉರ್ದು. ನಾವು ಹುಡುಗರು ಬೈಗುಳ ಕಲಿತದ್ದು ನಾಲ್ಕೂ ಭಾಷೆಯಲ್ಲಿ. ರಾತ್ರಿ ಕುಲುಮೆಯ ಕಡೆ ಆಕಾಶ ಕೆಂಪಗಾದರೆ ನಮಗೆ ಅದೇನೂ ವಿಶೇಷ ಅಲ್ಲ. ಎಲ್ಲ ಊರಲ್ಲೂ ಆಕಾಶ ಹಾಗೇ ಇರುತ್ತೆ ಅಂದುಕೊಂಡಿದ್ದೆ.

ಅಪ್ಪನಿಗೆ ಕಾರ್ಖಾನೆಯಲ್ಲಿ ಪರ್ಮನೆಂಟ್ ಕೆಲಸ. ಹಾಗಾಗಿ ನಮಗೆ ಕ್ವಾರ್ಟರ್ಸ್, ಕ್ವಾರ್ಟರ್ಸಿಗೊಂದು ನಂಬರ್. ಗಿಲ್ಲಿಯ ಅಪ್ಪ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಲಾರಿಗೆ ಲೋಡ್ ಮಾಡುವ ಕೆಲಸದಲ್ಲಿದ್ದರು. ಕೆಲಸ ಇದ್ದ ದಿನ ಕೂಲಿ. ಹೊಳೆಯಾಚೆ ಹಳೇನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ನಾವಿಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು. ಚಿನ್ನಿದಾಂಡಿನ ಗಿಲ್ಲಿಯ ಹಾಗೆ ಪುಟ್ಟಗಿದ್ದ, ಹೊಡೆದರೆ ಎಲ್ಲಿಗೆ ಹಾರುತ್ತಾನೆ ಅಂತ ಹೇಳಕ್ಕಾಗ್ತಿರಲಿಲ್ಲ. ಅದಕ್ಕೇ ಆ ಹೆಸರು. ನಿಜವಾದ ಹೆಸರು ಬರೆಯಲ್ಲ. ಬರೆದರೆ ಬೈತಾನೆ.

ಏಪ್ರಿಲ್ 10 ನಿಮಗೆ ನೆನಪಿರಬೇಕು. ಪಾಸು ಫೇಲು ಹೇಳುವ ದಿನ. ಅವತ್ತಿಂದ ಜೂನ್ ತನಕ ನಮ್ಮನ್ನು ಕೇಳೋರಿಲ್ಲ. ಈಗಿನ ಹಾಗೆ ಸಮ್ಮರ್ ಕ್ಯಾಂಪ್ ಎಲ್ಲಿತ್ತು? ಬೆಳಗ್ಗೆ ಗ್ರೌಂಡಲ್ಲಿ ಕ್ರಿಕೆಟ್, ಬಿಸಿಲು ಏರಿದ ಮೇಲೆ ಯಾರದೋ ಕಾಂಪೌಂಡಿನ ಮಾವಿನಕಾಯಿ, ಉಪ್ಪು ಖಾರ ಪೊಟ್ಟಣ ಕಟ್ಟಿ ಚಡ್ಡಿ ಜೇಬಲ್ಲಿ. ಸಂಜೆ ಲಗೋರಿ. ನಡುವೆ ಅಮ್ಮನ ಕಣ್ಣು ತಪ್ಪಿಸಿ ಹೊಳೆ. ನನಗೆ ಈಜು ಕಲಿಸಿದ್ದು ಗಿಲ್ಲಿ. ಲಾರಿ ಟ್ಯೂಬಿಗೆ ಗಾಳಿ ತುಂಬಿ ನನ್ನನ್ನು ಅದರೊಳಗೆ ತೂರಿಸಿ, ಮೂರು ದಿನ ತಳ್ಳಿದ. ನಾಲ್ಕನೇ ದಿನ ಹೇಳದೇ ಕೇಳದೇ ಟ್ಯೂಬು ಕಿತ್ತುಕೊಂಡ. ಈಜು ಬಂತು.

1996ರ ಬೇಸಿಗೆ. ಆರನೇ ಕ್ಲಾಸ್ ಪಾಸಾಗಿ ಏಳಕ್ಕೆ ಹೋಗಬೇಕು. ಗಿಲ್ಲಿ ಒಂದು ದಿನ ಹೇಳಿದ: “ಲೇ, ಡ್ಯಾಮಿಗೆ ಹೋಗೋಣ. ಸೈಕಲ್ಲಲ್ಲಿ.”

ಲಕ್ಕವಳ್ಳಿ ಹತ್ತಿರದ ಭದ್ರಾ ಅಣೆಕಟ್ಟು. ಅಲ್ಲಿರುವ ಊರಿಗೆ ಎಲ್ಲರೂ ಕರೆಯೋದು ಬಿ.ಆರ್. ಪ್ರಾಜೆಕ್ಟ್ ಅಂತ. ನಮ್ಮೂರಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಹನ್ನೆರಡು ವರ್ಷದವರಿಗೆ ಅದು ದುಬೈಯಷ್ಟೇ ದೂರ.

ಗುಂಪಿಗೆ ಇನ್ನೊಬ್ಬ ಸೇರಿದ. ನಮಗಿಂತ ಒಂದು ಅಡಿ ಎತ್ತರ ಇದ್ದುದರಿಂದ ಅವನಿಗೆ ದೊಡ್ಡು ಅಂತ ಹೆಸರು. ಮೂವರು, ಎರಡು ಬಾಡಿಗೆ ಸೈಕಲ್. ಗಂಟೆಗೆ ಒಂದು ರೂಪಾಯಿ. ಎಂಟು ಗಂಟೆಗೆ ಎರಡು ಸೈಕಲ್ಲಿಗೆ ಹದಿನಾರು. ದುಡ್ಡಿಗೆ ಏನು ಮಾಡೋದು? ಆರನೇ ಕ್ಲಾಸಿನ ನೋಟ್ಸ್ ಎಲ್ಲಾ ಕಟ್ಟು ಕಟ್ಟಿ ರದ್ದಿ ಅಂಗಡಿಗೆ ಹಾಕಿದೆವು. ಪೇಪರ್ ಮಾಡುವ ಊರಲ್ಲಿ ಪೇಪರ್ ಮಾರಿ ಹದಿನೆಂಟು ರೂಪಾಯಿ ಸಂಪಾದನೆ. ಎರಡು ರೂಪಾಯಿ ಐಸ್ ಕ್ಯಾಂಡಿಗೆ ಮಿಕ್ಕಿತು.

ಸೈಕಲ್ ಶಾಪಿನ ಅಣ್ಣನ ಹತ್ತಿರ ಒಂದು ಉದ್ದನೆಯ ಪುಸ್ತಕ. ಅದರಲ್ಲಿ ಹೆಸರು, ಹೊತ್ತು, ಕ್ವಾರ್ಟರ್ಸ್ ನಂಬರ್ ಬರೆದುಕೊಂಡರೆ ಮಾತ್ರ ಸೈಕಲ್. ನಂಬರ್ ಇಲ್ಲದವರಿಗೆ ಇಲ್ಲ. ಹಾಗಾಗಿ ಒಂದು ನನ್ನ ಹೆಸರಲ್ಲಿ, ಇನ್ನೊಂದು ದೊಡ್ಡು ಹೆಸರಲ್ಲಿ. ಗಿಲ್ಲಿ ಪಕ್ಕದಲ್ಲಿ ನಿಂತು ಟೈರ್ ಒತ್ತಿ ಒತ್ತಿ ನೋಡ್ತಿದ್ದ. “ಊರು ಬಿಟ್ಟು ಹೋಗಂಗಿಲ್ಲ,” ಅಂದರು ಅಣ್ಣ. ಮೂವರೂ ತಲೆ ಆಡಿಸಿದೆವು.

ಆರರ ಸೈರನ್ ಆಗಿ ಸ್ವಲ್ಪ ಹೊತ್ತಿಗೆ ಊರು ಬಿಟ್ಟೆವು. ಎರಡರ ಸೈರನ್ನಿಗೆ ಮುಂಚೆ ವಾಪಸ್ ಬಂದರೆ ಯಾರಿಗೂ ಗೊತ್ತಾಗಲ್ಲ, ಅದು ಲೆಕ್ಕ. ನನಗೆ ಸೀಟಿನ ಮೇಲೆ ಕೂತರೆ ಪೆಡಲ್ ಪೂರ್ತಿ ಸಿಗುತ್ತಿರಲಿಲ್ಲ. ಸೊಂಟ ಆ ಕಡೆ ಈ ಕಡೆ ಜಾರಿಸ್ತಾ ತುಳಿದೆ. ಏರು ಬಂದಾಗ ಇಳಿದು ತಳ್ಳಿದೆವು, ಇಳಿಜಾರಲ್ಲಿ ಮೂರೂ ಜನ ಕಿರುಚಿದೆವು. ದಾರಿಯಲ್ಲಿ ಒಂದು ಮನೆಯವರು ಕುಡಿಯಲು ನೀರು ಕೊಟ್ಟು, ಯಾರ ಮಕ್ಕಳೋ ನೀವು ಅಂತ ಕೇಳಿದರು. “ಪ್ರಾಜೆಕ್ಟಲ್ಲಿ ನಮ್ ಅತ್ತೆ ಮನೆ,” ಅಂದ ಗಿಲ್ಲಿ, ಕಣ್ಣು ಮಿಟುಕಿಸದೆ.

ಅಣೆಕಟ್ಟೆಯನ್ನು ಮೊದಲ ಸಲ ಕೆಳಗಿಂದ ಕತ್ತೆತ್ತಿ ನೋಡಿದಾಗ ಮೂವರಿಗೂ ಮಾತು ಹೊರಡಲಿಲ್ಲ. ಈಗಲೂ ಮಳೆಗಾಲದಲ್ಲಿ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ ಅಂತ ಸುದ್ದಿ ಬಂದರೆ, ನನ್ನ ಕತ್ತು ತಾನಾಗೇ ಮೇಲಕ್ಕೆ ಹೋಗುತ್ತೆ. ಮೇಲೆ ಹತ್ತಿ ನೋಡಿದರೆ ಬೇಸಿಗೆಗೆ ನೀರು ಇಳಿದು, ದೂರದಲ್ಲಿ ಮಣ್ಣಿನ ನಡುಗಡ್ಡೆಗಳು ಎದ್ದಿದ್ದವು. ಅದರ ಮೇಲೆ ಬೆಳ್ಳಗೆ ಚುಕ್ಕಿ ಚುಕ್ಕಿಯಾಗಿ ಹಕ್ಕಿಗಳು. “ಅವಕ್ಕೂ ಬೇಸಿಗೆ ರಜ ಕಣ್ರೋ,” ಅಂದ ಗಿಲ್ಲಿ. ರಿವರ್ ಟರ್ನ್ ಅನ್ನುವ ಹಕ್ಕಿಗಳು ನೀರು ಇಳಿದ ಮೇಲೆ ಆ ನಡುಗಡ್ಡೆಗಳಲ್ಲಿ ಮೊಟ್ಟೆ ಇಡೋದಕ್ಕೆ ಬರುತ್ತವೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ವಾಪಸ್ ಹೊರಟಾಗ ತಡವಾಗಿತ್ತು. ನಾಲೆ ಏರಿಯ ಮೇಲೆ ಹೋದರೆ ಬೇಗ ಅಂತ ದೊಡ್ಡು ಹೇಳಿದ. ಭದ್ರಾ ನಾಲೆಯಲ್ಲಿ ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದರು. ಎರಡೂ ಕಡೆ ಹಸಿರು ಗದ್ದೆ, ತಣ್ಣನೆ ಗಾಳಿ. ನಾನು ತುಳೀತಿದ್ದೆ, ಗಿಲ್ಲಿ ಹಿಂದೆ ಕ್ಯಾರಿಯರ್ ಮೇಲೆ. ದೊಡ್ಡು ಮುಂದೆ ಹೋಗಿದ್ದ. ನನಗೆ ಏನನ್ನಿಸಿತೋ, ಎರಡೂ ಕೈ ಬಿಟ್ಟೆ.

“ಕೈ ಹಿಡ್ಕೊಳ್ಳೋ!” ಅಂತ ಗಿಲ್ಲಿ ಕೂಗಿದ್ದು ಕೇಳಿಸಿತು. ಮುಂದಿನ ಚಕ್ರ ಕಲ್ಲಿಗೆ ಹತ್ತಿ ತಿರುಗಿತು. ಅವನು ಹಾರಿಕೊಂಡ. ನಾನು ಸೈಕಲ್ ಸಮೇತ ನೀರಿಗೆ.

ಇಲ್ಲೊಂದು ಮಾತು. ಹೊಳೆಯಲ್ಲಿ ಈಜು ಬಂದರೆ ನಾಲೆಯಲ್ಲೂ ಬಂದಂತೆ ಅಲ್ಲ. ಹೊಳೆಗೆ ದಡ ಇರುತ್ತೆ, ಬೇರು, ಬಂಡೆ ಏನಾದರೂ ಕೈಗೆ ಸಿಗುತ್ತೆ. ನಾಲೆಗೆ ಇರೋದು ಇಳಿಜಾರು ಗೋಡೆ. ಅದಕ್ಕೆ ಪಾಚಿ ಕಟ್ಟಿರುತ್ತೆ. ಕೈ ಹಾಕಿದಷ್ಟೂ ಜಾರುತ್ತೆ, ನೀರು ಮುಂದಕ್ಕೆ ಎಳೆಯುತ್ತಲೇ ಇರುತ್ತೆ. ಈಗಲೂ ಬೇಸಿಗೆಯಲ್ಲಿ ನಾಲೆಗೆ ಬಿದ್ದ ಹುಡುಗರ ಸುದ್ದಿ ಓದಿದರೆ ನನ್ನ ಉಗುರಿನ ಸಂದಿಯಲ್ಲಿ ಆ ಪಾಚಿ ಇದ್ದ ಹಾಗೇ ಅನ್ನಿಸುತ್ತೆ.

ಗಿಲ್ಲಿ ನನ್ನ ಹಿಂದೆ ನೀರಿಗೆ ಹಾರಲಿಲ್ಲ. ಏರಿಯ ಮೇಲೆ ಮುಂದಕ್ಕೆ ಓಡಿದ. ನಾನು ನೀರಿಂದ ನೋಡ್ತಿದ್ದೆ. ಬಿಟ್ಟು ಓಡಿ ಹೋಗ್ತಿದ್ದಾನೆ ಅಂದುಕೊಂಡೆ. ಮುಂದೆ ಬಟ್ಟೆ ಒಗೆಯೋದಕ್ಕೆ ಅಂತ ಕಟ್ಟಿದ ಮೆಟ್ಟಿಲಿತ್ತು. ಬರುವಾಗಲೇ ಅವನು ಅದನ್ನು ನೋಡಿಟ್ಟುಕೊಂಡಿದ್ದನಂತೆ. ಅಲ್ಲಿಗೆ ಇಳಿದು, ಒಂದು ಕೈಯಲ್ಲಿ ಮೆಟ್ಟಿಲಿನ ಕಲ್ಲು ತಬ್ಬಿ, ನಾನು ತೇಲಿಕೊಂಡು ಹತ್ತಿರ ಬಂದಾಗ ಇನ್ನೊಂದು ಕೈಯಲ್ಲಿ ನನ್ನ ಶರ್ಟಿನ ಕಾಲರ್ ಹಿಡಿದ. ಗುಂಡಿ ಎಲ್ಲಾ ಕಿತ್ತು ಹೋದವು. ಬಿಡಲಿಲ್ಲ.

ಸೈಕಲ್ ಮುಳುಗಿತ್ತು. ಗದ್ದೆಯಲ್ಲಿದ್ದ ಒಬ್ಬರು ನಮಗೆ ಬೈಯುತ್ತಲೇ ಮನೆಗೆ ಹೋಗಿ ಪಾತಾಳಗರಡಿ ತಂದು, ಹಗ್ಗ ಇಳಿಬಿಟ್ಟು, ಅರ್ಧ ಗಂಟೆ ಹುಡುಕಿ ಎತ್ತಿಕೊಟ್ಟರು. ಮುಂದಿನ ಚಕ್ರ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅದರ ಮುಂಭಾಗ ಎತ್ತಿ ಹಿಡಿದು ತಳ್ಳಿಕೊಂಡು ನಡೆದೆವು. ಊರು ಇನ್ನೂ ದೂರ ಇದ್ದಾಗಲೇ ಎರಡರ ಸೈರನ್ ಸಣ್ಣಗೆ ಕೇಳಿಸಿತು. ಅವತ್ತಿನವರೆಗೂ ಆ ಸೈರನ್ನಿಗೆ ನಾನು ಹೆದರಿರಲಿಲ್ಲ.

ಶಾಪ್ ಮುಟ್ಟಿದಾಗ ಸಂಜೆ ಆಗ್ತಾ ಬಂದಿತ್ತು. ಅಣ್ಣ ಚಕ್ರ ನೋಡಿದರು, ಫೋರ್ಕ್ ನೋಡಿದರು, ನಮ್ಮನ್ನು ನೋಡಿದರು. “ಯಾರು ತುಳೀತಿದ್ದಿದ್ದು?”

ನಾನು ಕಾಲು ನೋಡಿಕೊಂಡೆ. ದೊಡ್ಡು ಆಕಾಶ ನೋಡಿದ.

“ನಾನಣ್ಣ,” ಅಂದ ಗಿಲ್ಲಿ.

ನೂರಿಪ್ಪತ್ತು ರೂಪಾಯಿ ಆಗುತ್ತೆ, ಅಪ್ಪನ್ನ ಕರ್ಕೊಂಡು ಬಾ ಅಂದರು. “ಅಪ್ಪ ಬೇಡ. ನಾನೇ ಇಲ್ಲಿ ಕೆಲಸ ಮಾಡಿ ತೀರಿಸ್ತೀನಿ,” ಅಂದ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಳೆ ಎಂಟಕ್ಕೆ ಬಾ” ಅಂದರು. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಗೆರೆ ಎಳೆದರು. ಲೆಕ್ಕ ಮುಗಿಯಿತು.

ಹೊರಗೆ ಬಂದ ಮೇಲೆ ಗಿಲ್ಲಿ ಹೇಳಿದ: “ನಿಮ್ಮಪ್ಪಂಗೆ ಗೊತ್ತಾದ್ರೆ ಇನ್ಮೇಲೆ ನಿನ್ನ ನಮ್ ಜೊತೆ ಬಿಡಲ್ಲ ಕಣೋ. ಹೋಗು, ಶರ್ಟ್ ಎಲ್ಲಿ ಹರೀತು ಅಂದ್ರೆ ಲಗೋರಿ ಅನ್ನು.”

ಹಾಗೇ ಹೇಳಿದೆ. ಅಮ್ಮ ನಂಬಿದಳು.

ಆ ಬೇಸಿಗೆಯ ಉಳಿದ ದಿನವೆಲ್ಲಾ ಅವನು ಶಾಪಲ್ಲಿ. ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಅದ್ದಿ ಗುಳ್ಳೆ ಹುಡುಕೋದು, ಉಜ್ಜೋದು, ಸಲ್ಯೂಷನ್ ಹಚ್ಚಿ ಪ್ಯಾಚ್ ಕೂರಿಸೋದು. ಮೊದಲ ಎರಡು ಮೂರು ದಿನ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಆಮೇಲೆ ಆಗಲಿಲ್ಲ. ಅವನ ಕೈಗೆ ಕರಿ ಮೆತ್ತಿರೋದು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗೋದು. ಜೂನಲ್ಲಿ ಸ್ಕೂಲು ಶುರುವಾದ ಮೇಲೂ ಸಂಜೆ ಅವನು ಶಾಪಿಗೆ ಹೋಗ್ತಿದ್ದ. ಬೆಂಚಿನಲ್ಲಿ ಪಕ್ಕದಲ್ಲೇ ಇದ್ದ, ಮಾತು ಕಡಿಮೆ ಆಗಿತ್ತು. ಏಳನೇ ಕ್ಲಾಸು ಮುಗಿದ ಮೇಲೆ ಅವನು ಎಂಟಕ್ಕೆ ಬರಲಿಲ್ಲ.

ನಾನು ಬಂದೆ. ಹತ್ತು, ಪಿಯುಸಿ, ಇಂಜಿನಿಯರಿಂಗ್, ಬೆಂಗಳೂರು. ಅಪ್ಪ ರಿಟೈರ್ ಆದರು, ಕ್ವಾರ್ಟರ್ಸ್ ಖಾಲಿ ಮಾಡಿದೆವು, ಅಪ್ಪ ಅಮ್ಮ ನನ್ನ ಜೊತೆ ಬಂದರು. ಆಮೇಲೆ ಊರಿಗೆ ಹೋಗೋದಕ್ಕೆ ಕಾರಣವೇ ಉಳಿಯಲಿಲ್ಲ. ಊರಿನ ಸುದ್ದಿ ಮಾತ್ರ ಫೋನಿಗೆ ಬರುತ್ತಿತ್ತು. 2015ರ ನಂತರ ಪೇಪರ್ ಮಿಲ್ಲಿನಲ್ಲಿ ಕಾಗದ ತಯಾರಿಕೆ ನಿಂತುಹೋಯಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತ ಫೋಟೋಗಳು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡಿದವು. ಎಲ್ಲರೂ ಅಳುವ ಇಮೋಜಿ ಹಾಕಿದರು. ನಾನೂ ಹಾಕಿದೆ. ಆ ಫೋಟೋಗಳನ್ನು ದೊಡ್ಡದು ಮಾಡಿ ಒಂದೊಂದೇ ಮುಖ ನೋಡಿದೆ. ಗಿಲ್ಲಿ ಇರಲಿಲ್ಲ. ಸಮಾಧಾನ ಆಯಿತೋ, ಬೇಜಾರಾಯಿತೋ ಗೊತ್ತಾಗಲಿಲ್ಲ.

ಕಳೆದ ವರ್ಷ ಒಂದು ಮದುವೆಗೆ ಭದ್ರಾವತಿಗೆ ಹೋದೆ. ಧಾರೆ ಮುಗಿದ ಮೇಲೆ, ಊಟಕ್ಕೂ ಕೂರದೆ, ವಿಚಾರಿಸಿಕೊಂಡು ಅವನ ಗ್ಯಾರೇಜ್ ಹುಡುಕಿದೆ. ಟೂ ವೀಲರ್ ರಿಪೇರಿ. ಇಬ್ಬರು ಹುಡುಗರು ಕೆಲಸಕ್ಕಿದ್ದರು. ತಲೆ ನರೆತಿತ್ತು, ಆದರೆ ನಿಂತ ಭಂಗಿ ಅದೇ. ನನ್ನನ್ನು ನೋಡಿ ಕೈ ಒರೆಸಿಕೊಂಡ. “ಏನ್ ಸಾರ್, ದಾರಿ ತಪ್ಪಿ ಬಂದ್ರಾ?” ಅಂದ. ಆ ಸಾರ್ ಕೇಳಿ ಸಾಯೋ ಹಾಗಾಯಿತು.

ಟೀ ಬಂತು. ಮಕ್ಕಳ ಬಗ್ಗೆ ಮಾತಾಡಿದೆವು, ದೊಡ್ಡು ಈಗ ಎಲ್ಲಿದ್ದಾನೆ ಅಂತ ಮಾತಾಡಿದೆವು. ಕೊನೆಗೆ ನಾನು ಇಷ್ಟು ವರ್ಷ ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿದೆ. ಅವತ್ತು ಸೈಕಲ್ ಬೀಳಿಸಿದ್ದು ನಾನು, ನಿನ್ನ ಓದು ನಿಂತಿದ್ದು ನನ್ನಿಂದ, ಕ್ಷಮಿಸು ಅಂತ.

ಅವನು ಜೋರಾಗಿ ನಕ್ಕ. ಕೆಲಸದ ಹುಡುಗರು ತಿರುಗಿ ನೋಡಿದರು.

“ನಿನ್ನಿಂದ ನಾನು ಮೆಕ್ಯಾನಿಕ್ ಆದೆ ಅಂದ್ಕೊಂಡಿದ್ದೀಯಾ? ಅಪ್ಪಂಗೆ ಆ ವರ್ಷ ಬೆನ್ನು ಹಿಡ್ಕೊಂಡಿತ್ತು ಕಣೋ. ಲೋಡ್ ಎತ್ತೋಕಾಗ್ತಿರಲಿಲ್ಲ. ಏಪ್ರಿಲ್‌ನಿಂದಾನೇ ಕೆಲಸ ಹುಡುಕ್ತಿದ್ದೆ. ಕ್ವಾರ್ಟರ್ಸ್ ನಂಬರ್ ಇಲ್ಲದವನಿಗೆ ಅಣ್ಣ ಸೈಕಲ್ಲೇ ಕೊಡಲ್ಲ, ಕೆಲಸ ಕೊಡ್ತಾರಾ? ನಿನ್ನ ನೆಪದಲ್ಲಿ ಒಳಗೆ ಹೋದೆ. ಸಾಲ ಮೂರು ವಾರಕ್ಕೇ ತೀರಿತ್ತು. ಆಮೇಲೆ ಅವರು ಸಂಬಳ ಕೊಟ್ಟರು. ಈ ಕೆಲಸ ನಂಗೆ ಇಷ್ಟ. ಆಗಬೇಕು ಅಂತಾನೇ ಆದೆ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಇಷ್ಟು ವರ್ಷ ಅವನ ಬದುಕು ಹಾಳು ಮಾಡಿದೆ ಅಂತ ಕೊರಗಿದ್ದೆ. ಆ ಕೊರಗಿನಲ್ಲೂ ಒಂದು ಜಂಬ ಇತ್ತು ಅಂತ ಅಲ್ಲಿ ಕೂತಾಗ ತಿಳಿಯಿತು. ಅವನ ಬದುಕು ಹಾಳಾಗಿದೆ ಅಂತ ನನಗೆ ಯಾರು ಹೇಳಿದ್ದರು?

ಅವನು ಟೀ ಲೋಟ ಕೆಳಗಿಟ್ಟ. ನಗು ಇರಲಿಲ್ಲ.

“ಸೈಕಲ್ದು ಬಿಡು. ಒಂದು ಕೇಳ್ಲಾ? ಗ್ರೌಂಡಿಂದ ನಿಮ್ಮನೆಗೆ ಶಾಪ್ ಮುಂದಿನ ರಸ್ತೆನೇ ಅಲ್ವಾ ಹತ್ರ? ಜೂನ್ ಆದ್ಮೇಲೆ ನೀನು ವಾಟರ್ ಟ್ಯಾಂಕ್ ಕಡೆಯಿಂದ ಸುತ್ತಿ ಹೋಗ್ತಿದ್ದೆ. ದಿನಾ ನೋಡ್ತಿದ್ದೆ ನಾನು. ಶಾಪಿಂದ ಆ ಟ್ಯಾಂಕ್ ಕಾಣ್ಸುತ್ತೆ.”

ಇದಕ್ಕೆ ನನ್ನ ಹತ್ತಿರ ಬಾಯಿಪಾಠ ಮಾಡಿದ ಉತ್ತರ ಇರಲಿಲ್ಲ. “ನಾಚಿಕೆ ಆಗ್ತಿತ್ತು ಕಣೋ,” ಅಂದೆ.

“ಅದು ನಂಗೆ ಹೇಗೆ ಗೊತ್ತಾಗಬೇಕು? ಕೈಗೆ ಗ್ರೀಸ್ ಮೆತ್ತಿದ ಮೇಲೆ ನಾನು ಬೇಡ ಆದೆ ಅಂದ್ಕೊಂಡೆ.”

ಗೆಳೆಯರೇ, ನಮ್ಮ ಫೋನಲ್ಲೂ ಇಂಥ ವಾಟರ್ ಟ್ಯಾಂಕ್ ರಸ್ತೆಗಳಿವೆ. ಕೆಲಸ ಹೋದ ಗೆಳೆಯನಿಗೆ ಏನು ಹೇಳೋದು ಅಂತ ಗೊತ್ತಾಗದೆ ಫೋನ್ ಮಾಡಿರಲ್ಲ. ನಾವು ತಪ್ಪಿ ನಡೆದುಕೊಂಡವರ ಮೆಸೇಜಿಗೆ ಯಾವ ಮುಖ ಇಟ್ಟುಕೊಂಡು ಉತ್ತರ ಕೊಡೋದು ಅಂತ ಉತ್ತರ ಕೊಟ್ಟಿರಲ್ಲ. ನಮ್ಮ ಮಟ್ಟಿಗೆ ಅದು ಸಂಕೋಚ. ಆ ಕಡೆ ಇರೋರಿಗೆ ಕಾಣಿಸೋದು ನಾವು ಸುತ್ತಿ ಹೋಗುತ್ತಿರೋದು, ಅಷ್ಟೇ.

ನಾನು ಪರ್ಸ್ ತೆಗೆದು ನೂರಿಪ್ಪತ್ತು ರೂಪಾಯಿ ಬೆಂಚಿನ ಮೇಲಿಟ್ಟೆ. ಅವನು ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ತಗೊಂಡು ಎಣಿಸಿ ಜೇಬಿಗೆ ಹಾಕಿಕೊಂಡ. “ಬಡ್ಡಿ ಬಿಟ್ಟಿದೀನಿ,” ಅಂದ.

ಆಮೇಲೆ ಗೋಡೆಯ ಗಡಿಯಾರ ನೋಡದೆಯೇ ಎದ್ದು ಶಟರ್ ಅರ್ಧ ಎಳೆದ. ನಾನು ಮೊಬೈಲ್ ನೋಡಿದೆ. ಸರಿಯಾಗಿ ಎರಡು ಗಂಟೆ.

“ಬಾ, ಮನೆಗೆ ಹೋಗೋಣ. ಸಾರು ಇದೆ, ಹಪ್ಪಳ ಕರಿಸ್ತೀನಿ,” ಅಂದ.

ಅವನ ಸ್ಕೂಟರಿನ ಹಿಂದೆ ಕೂತೆ. ಅವನು ಎರಡೂ ಕೈಯಲ್ಲಿ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ತೋರಿಸಿ, ಹಿಂದೆ ತಿರುಗಿ ನಕ್ಕ.